ಹುಸ್ಕರ್ ಡು: ಮೂವರು ತರುಣರ ದುಡಿಮೆ

ಶ್ರುತಿ, ಲಯ, ಮಾಧುರ್ಯಗಳ ಪಾಠವನ್ನು ಮಠದ ಅಂಗಳದಲ್ಲಿ ಕೇಳಿ ಬೆಳೆದವರು ನಾವು. ಅಂತಹ ನಮ್ಮ ಕಿವಿಗೆ ಕಳೆದ ಬೇಸಗೆಯಲ್ಲಿ ಅಣ್ಣನ ಮೊಮ್ಮಗನು ಅಮೆರಿಕೆಯ ಒಂದು ವಾದ್ಯಮೇಳದ ಹಾಡುಗಳನ್ನು ಹಾಕಿದನು. ಅದು ಆಗಲೂ ಗದ್ದಲವೆನಿಸಿತು, ಈಗಲೂ ಬಹುಪಾಲು ಗದ್ದಲವೇ. “ಅಜ್ಜಾ, ಪೂರಾ ಕೇಳ್ರಿ, ಆಮ್ಯಾಲ ಅಪ್ಪಗ ನೀವ ಹೇಳ್ರಿ” ಎಂದು ಹುಡುಗನು ಪಟ್ಟು ಹಿಡಿದನು. ಗೆಳೆಯರೊಡನೆ ಮೇಳ ಕಟ್ಟುವ ಹಂಬಲ ಅವನದು. ಅದು ಕೆಲಸಗೇಡಿಗಳ ಚಟವೆಂಬುದು ಅವನ ತಂದೆಯ ಮಾತು. ತೀರ್ಪು ಹೇಳಬೇಕಾದವರು ವಿಷಯವನ್ನು ತಿಳಿಯದೆ ಹೇಳಬಾರದಷ್ಟೆ. ಆದುದರಿಂದ ಆ ಮೇಳದ ಆರಂಭದ ವೃತ್ತಾಂತವನ್ನು ನಾವು ಶ್ರದ್ಧೆಯಿಂದ ಓದಿದೆವು.

ಅಮೆರಿಕೆಯ ನಡುಭಾಗದ ಮಿನ್ನೆಸೋಟ ಸಂಸ್ಥಾನದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳಿವೆ. ಸಂಗೀತದ ದೊಡ್ಡ ವ್ಯಾಪಾರವೆಲ್ಲ ನ್ಯೂಯಾರ್ಕಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಈ ಊರುಗಳು ಎರಡಕ್ಕೂ ದೂರ. ಅಲ್ಲಿನ ಮೆಕಲೆಸ್ಟರ್ ಕಾಲೇಜಿನಲ್ಲಿ ಓದಲು ಬಂದಿದ್ದ ಬಾಬ್ ಮೋಲ್ಡ್ ಎಂಬ ತರುಣನಿಗೆ ರೆಕಾರ್ಡು ಅಂಗಡಿಯಲ್ಲಿ ಕೆಲಸಕ್ಕಿದ್ದ ಗ್ರಾಂಟ್ ಹಾರ್ಟನ ಪರಿಚಯವಾಯಿತು. ಮೋಲ್ಡ್ ಗಿಟಾರಿಗೆ, ಹಾರ್ಟ್ ಡ್ರಮ್ಮಿಗೆ. ಗ್ರೆಗ್ ನಾರ್ಟನ್ ಎಂಬ ಮೂರನೆಯವನು ಬಾಸ್ ಗಿಟಾರಿಗೆ. 1979ರಲ್ಲಿ ಮೇಳವು ಸಿದ್ಧವಾಯಿತು. ಪಂಕ್ ಎಂಬ ಒರಟು ಸಂಗೀತದ ಮೊದಲ ಅಬ್ಬರವು ಇಳಿದು, ಅದರ ಹಿಂದೆಯೇ ಹೊಸ ಬಗೆಗಳನ್ನು ಹುಡುಕುವವರು ತಲೆಯೆತ್ತುತ್ತಿದ್ದ ಕಾಲವದು.

ಮೇಳಕ್ಕೆ ಅವರಿಟ್ಟ ಹೆಸರು ‘ಹುಸ್ಕರ್ ಡು’. ಮಕ್ಕಳು ಮನೆಯಲ್ಲಿ ಕುಳಿತು ಆಡುವ ಒಂದು ಜ್ಞಾಪಕಶಕ್ತಿಯ ಆಟದ ಹೆಸರಿದು. ಡೇನಿಷ್, ನಾರ್ವೇಜಿಯನ್ ನುಡಿಗಳಲ್ಲಿ ಇದಕ್ಕೆ ‘ನಿನಗೆ ನೆನಪಿದೆಯೇ?’ ಎಂದರ್ಥ. ರೋಷದ, ಬೈಗುಳದ ಹೆಸರುಗಳನ್ನು ಮೇಳಗಳು ಇಟ್ಟುಕೊಳ್ಳುತ್ತಿದ್ದ ದಿನಗಳಲ್ಲಿ ಈ ಹೆಸರು ನಮಗೆ ಬಲು ಹಿಡಿಸಿತು.

ತಮ್ಮ ಮೊದಲ ಹಾಡುಗಳನ್ನು ಹೊರತರುವಿರಾ ಎಂದು ಅದೇ ಊರಿನ ಟ್ವಿನ್‌ಟೋನ್ ಸಂಸ್ಥೆಯನ್ನು ಅವರು ಕೇಳಿದರು. ಸಂಸ್ಥೆಯು ಒಪ್ಪಲಿಲ್ಲ. ಮುಂದೆ ನಡೆದುದನ್ನು ವಾಚಕರು ಗಮನಿಸಬೇಕು. ಯಾರ ಮನೆಯ ಬಾಗಿಲಲ್ಲಿಯೂ ಕಾಯದೆ ‘ರಿಫ್ಲೆಕ್ಸ್’ ಎಂಬ ತಮ್ಮದೇ ಪುಟ್ಟ ಸಂಸ್ಥೆಯನ್ನು ಕಟ್ಟಿ, 1981ರ ಆದಿಯಲ್ಲಿ ‘ಸ್ಟ್ಯಾಚೂಸ್’ ಎಂಬ ಹಾಡಿನ ಸಣ್ಣ ರೆಕಾರ್ಡನ್ನು ತಾವೇ ಹೊರತಂದರು. ತಮ್ಮದಾದ ಮೇಲೆ ಊರಿನ ಇತರ ಮೇಳಗಳ ಹಾಡುಗಳನ್ನೂ ಅದೇ ಸಂಸ್ಥೆಯಿಂದ ಪ್ರಕಟಿಸಿದರು. ತನಗೆ ಮುಚ್ಚಿದ ಬಾಗಿಲನ್ನು ಇನ್ನೊಬ್ಬನಿಗೆ ತೆರೆದಿಡುವವರು ಎಲ್ಲ ಕಾಲಕ್ಕೂ ವಿರಳ.

ಆ ವರ್ಷದ ಬೇಸಗೆಯಲ್ಲಿ ಕೆನಡಾ ದೇಶದವರೆಗೂ ಊರೂರು ತಿರುಗಿ ಹಾಡಿದರು. ಮರಳಿದೊಡನೆ, ಆಗಸ್ಟ್ 15ರಂದು, ಮಿನಿಯಾಪೊಲಿಸ್‌ನ ‘ಸೆವೆಂತ್ ಸ್ಟ್ರೀಟ್ ಎಂಟ್ರಿ’ ಎಂಬ ಇಕ್ಕಟ್ಟಾದ ಸಭಾಗೃಹದಲ್ಲಿ ಅವರು ನುಡಿಸಿದುದೇ ಮೊದಲ ದೊಡ್ಡ ಧ್ವನಿಮುದ್ರಿಕೆಯಾಯಿತು. ಹದಿನೇಳು ಹಾಡುಗಳು, ಇಪ್ಪತ್ತೇಳು ನಿಮಿಷಕ್ಕೂ ಕಡಿಮೆ ಕಾಲ! ನಾವು ಇದನ್ನು ಕೊನೆಯವರೆಗೂ ಕೇಳಿದೆವೆಂಬುದಕ್ಕೆ ಹುಡುಗನೇ ಸಾಕ್ಷಿ. ರಸಕ್ಕೆ ಇಲ್ಲಿ ಎಡೆಯೇ ಇಲ್ಲ, ಓಟವೊಂದೇ. ಆದರೆ ಮೂವರೂ ಎಡವದೆ ಒಟ್ಟಿಗೆ ಓಡುತ್ತಾರೆ. ನಿತ್ಯದ ಸಾಧನೆಯಿಲ್ಲದೆ ಅದು ಸಾಧ್ಯವಿಲ್ಲ. ಇಷ್ಟನ್ನು ಓದಿ, ಕೇಳಿದ ಮೇಲೆ ಹುಡುಗನ ತಂದೆಯನ್ನು ಕರೆದು, “ನಿನಗೆ ಆ ಸಂಗೀತ ಸೇರದಿದ್ದರೆ ಬಿಡಪ್ಪ, ನಮಗೂ ಸೇರದು. ಕೆಲಸಗೇಡಿಗಳು ಎಂಬ ಮಾತನ್ನು ಮಾತ್ರ ಆಡಬೇಡ” ಎಂದೆವು. ಆತನು ಮರುಮಾತಾಡಲಿಲ್ಲ, ಒಪ್ಪಿದನೆಂದೂ ಹೇಳಲಾರೆವು.

ನಮ್ಮ ಮನಸ್ಸನ್ನು ಹಿಡಿದುದು 1984ರ ‘ಝೆನ್ ಆರ್ಕೇಡ್’. ಒಡಕಿನ ಮನೆಯನ್ನು ತೊರೆದು ಹೋಗುವ ಹುಡುಗನೊಬ್ಬನ ಕಥೆ ಅದರ ಇಪ್ಪತ್ತಮೂರು ಹಾಡುಗಳಲ್ಲಿ ಹರಿಯುತ್ತದೆ. ಹೊರಗಿನ ಲೋಕವು ಮನೆಗಿಂತಲೂ ಕಠಿನವೆಂದು ಅವನು ಕಂಡುಕೊಳ್ಳುತ್ತಾನೆ. ನಾವೂ ಹನ್ನೆರಡರ ವಯಸ್ಸಿನಲ್ಲಿ ಮನೆ ಬಿಟ್ಟವರೇ. ಆದರೆ ನಮ್ಮನ್ನು ತಂದೆಯವರು ಕೈಹಿಡಿದು ಮಠಕ್ಕೆ ಕರೆತಂದಿದ್ದರು. ಅಲ್ಲಿ ನಮಗಾಗಿ ಅನ್ನವಿತ್ತು, ಪಾಠವಿತ್ತು. ಆ ಹುಡುಗನಿಗೆ ಎರಡೂ ಇರಲಿಲ್ಲ. ಹಾಡುಗಳ ಕೂಗಾಟವು ಏತರದೆಂದು ನಮಗೆ ತಿಳಿದುದು ಇಲ್ಲಿಯೇ.

ಮೋಲ್ಡ್, ಹಾರ್ಟ್ ಇಬ್ಬರೂ ಹಾಡು ಕಟ್ಟುವವರು, ಇಬ್ಬರೂ ಹಾಡುವವರು. ಒಂದೇ ಮನೆಯಲ್ಲಿ ಇಬ್ಬರು ಕವಿಗಳಿದ್ದರೆ ಪೈಪೋಟಿ ತಪ್ಪದು. 1988ರಲ್ಲಿ ಮೇಳವು ಒಡೆಯಿತು. ಹಾರ್ಟ್ 2017ರಲ್ಲಿ ತೀರಿಕೊಂಡನು. ಆದರೆ ‘ಝೆನ್ ಆರ್ಕೇಡ್’ ದಿನಗಳಲ್ಲಿ ಆ ಪೈಪೋಟಿಯು ಹಾಡುಗಳಿಗೆ ಗೊಬ್ಬರವಾಗಿತ್ತು. ಎರಡು ರೆಕಾರ್ಡುಗಳ ಆ ಕೃತಿಗೆ ತಗುಲಿದ ವೆಚ್ಚ 3,200 ಡಾಲರ್ ಮಾತ್ರ. ಎರಡನ್ನು ಬಿಟ್ಟು ಉಳಿದೆಲ್ಲ ಹಾಡುಗಳನ್ನೂ ಒಂದೇ ಸಲಕ್ಕೆ ನುಡಿಸಿ ಮುದ್ರಿಸಿದ್ದರು. ಪ್ರಕಟಿಸಿದ ಎಸ್.ಎಸ್.ಟಿ. ಸಂಸ್ಥೆಯು ಐದು ಸಾವಿರಕ್ಕಿಂತ ಹೆಚ್ಚು ಪ್ರತಿಗಳನ್ನು ತೆಗೆಯಲು ಅಂಜಿತು. ಅವು ಬೇಗನೆ ಮುಗಿದು, ಕೊಳ್ಳಲು ಬಂದವರು ಅಂಗಡಿಗಳಿಂದ ಬರಿಗೈಯಲ್ಲಿ ಮರಳಬೇಕಾಯಿತು. ಈ ಮೂವರಾದರೋ, ಆ ಕೃತಿಯು ಹೊರಬಂದ ಜುಲೈ ತಿಂಗಳಿನಲ್ಲಿಯೇ ಮಿನಿಯಾಪೊಲಿಸ್‌ನಲ್ಲಿ ಮುಂದಿನ ಕೃತಿಯ ಮುದ್ರಣಕ್ಕೆ ಕುಳಿತಿದ್ದರು.