ಮೊಮ್ಮಗನ ರೆಗ್ಯುಲೇಟರ್

ನಮ್ಮ ವಿಜಯಪುರ ಜಿಲ್ಲೆಗೆ ಸಮುದ್ರವಿಲ್ಲ. ದಕ್ಷಿಣದಲ್ಲಿ ಕೃಷ್ಣೆ, ಉತ್ತರದಲ್ಲಿ ಭೀಮೆ, ನಡುವೆ ಉಪ್ಪುನೀರಿನ ಡೋಣಿ. ಮಿಕ್ಕಂತೆ ನೀರೆಂದರೆ ಬಾವಿಯೇ. ನಗರದಲ್ಲಿ 1620ರ ತಾಜ್ ಬಾವಡಿಯಂಥ ಆದಿಲ್‌ಶಾಹಿ ವೈಭವದ ಬಾವಿಗಳಾದರೆ, ತಿಕೋಟಾ, ಬಬಲೇಶ್ವರದ ಕಡೆಯ ಹೊಲಗಳಲ್ಲಿ ಒಕ್ಕಲಿಗರು ತೋಡಿಸಿದ ತೆರೆದ ಬಾವಿಗಳು. ಬೆನ್ನಿಗೆ ಬೆಂಡನ್ನೋ ಮುಚ್ಚಿದ ಡಬ್ಬಿಯನ್ನೋ ಕಟ್ಟಿ ನಮ್ಮನ್ನು ಅವುಗಳಲ್ಲಿ ದೂಡುತ್ತಿದ್ದರು. ನಾವು ಈಸು ಕಲಿತದ್ದು ಹಾಗೆ.

ಇಂಥ ನೆಲದ ಕುಡಿಯಾದ ನನ್ನ ಮಗಳ ಮಗ ಅಮೆರಿಕದ ಸಿಯಾಟಲ್‌ನಲ್ಲಿ ಸ್ಕೂಬಾ ಕಲಿತು, ಸ್ವಂತಕ್ಕೊಂದು ರೆಗ್ಯುಲೇಟರ್ ಕೊಳ್ಳಲು ಹೊರಟ. ಮಗಳು ಫೋನಿನಲ್ಲಿ ಅತ್ತೇಬಿಟ್ಟಳು. “ಅಪ್ಪಾ, ನೀನರ ಅವಂಗ ತಿಳಿಸಿ ಹೇಳು. ನಿನ್ನ ಮಾತ ಕೇಳ್ತಾನ.” ಬೇಡವೆನ್ನಬೇಕೆಂಬುದು ಅವಳ ಆಶಯ. ಆದರೆ ಕಲಿತಾಗಿದೆ, ಇಳಿಯುವುದೂ ಖಚಿತ. ಬೇಡವೆಂದರೆ ಹೇಳದೆ ಇಳಿದಾನು. ಮೇಲಾಗಿ ಅವನು ನನಗೆ ಕೇಳಿದ್ದು ಅಪ್ಪಣೆಯನ್ನಲ್ಲ, ಒಂದು ಪ್ರಶ್ನೆಯನ್ನು: “ಅಜ್ಜಾ, ಸಿಯಾಟಲ್‌ದ ಥಂಡಿ ನೀರಿಗೂ ನೇತ್ರಾಣಿಯ ಬಿಸಿ ನೀರಿಗೂ ಒಂದ ರೆಗ್ಯುಲೇಟರ್ ನಡೀತದೇನು?” ಮೂರು ದಶಕ ವಿಜ್ಞಾನ ಕಲಿಸಿದವನಿಗೆ ಇಂಥ ಪ್ರಶ್ನೆ ಬಂದರೆ ಉತ್ತರಿಸದೆ ಇರಲಾದೀತೇ?

ರೆಗ್ಯುಲೇಟರ್ ಎಂದೊಡನೆ ಅಡುಗೆಮನೆಯ ಸಿಲಿಂಡರ್ ನೆನಪಾದರೆ ಅದೇನೂ ದೂರದ ಮಾತಲ್ಲ. ಫ್ರಾನ್ಸಿನ ಇಂಜಿನಿಯರ್ ಎಮಿಲ್ ಗಾನ್ಯಾನ್ ಎರಡನೇ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದಾಗ, ಮೋಟಾರು ಗಾಡಿಗೆ ಅನಿಲ ಉಣಿಸಲು ಒಂದು ಕವಾಟ ಮಾಡಿದ್ದ. ನೌಕಾಪಡೆಯ ಜಾಕ್ ಕುಸ್ತೊ ಅವನೊಡನೆ ಸೇರಿ ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದ. 1943ರಲ್ಲಿ ಅವರು ಪರೀಕ್ಷಿಸಿದ ಆ ಸಾಧನದ ತತ್ವವೇ ಇಂದಿಗೂ ನಡೆದಿದೆ. ಎಂಜಿನ್ ಎಳೆದಷ್ಟೇ ಅನಿಲ, ಪುಪ್ಪುಸ ಎಳೆದಷ್ಟೇ ಗಾಳಿ.

ಇದರಲ್ಲಿ ಎರಡು ಹಂತ. ಸಿಲಿಂಡರಿನ ಕುತ್ತಿಗೆಗೆ ಕೂರುವ ಮೊದಲ ಹಂತ, ಸುಮಾರು 200 ಬಾರ್ ಒತ್ತಡವನ್ನು ಸುತ್ತಲ ನೀರಿನ ಒತ್ತಡಕ್ಕಿಂತ ಹತ್ತು ಬಾರ್‌ನಷ್ಟು ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತ, ಅದನ್ನು ಸುತ್ತಲ ನೀರಿನ ಒತ್ತಡಕ್ಕೇ ಸರಿದೂಗಿಸಿ ಕೊಡುತ್ತದೆ. ಬೆಚ್ಚನೆಯ ನೀರಿನಲ್ಲಿ ಇಷ್ಟು ತಿಳಿದರೆ ಬಹುಮಟ್ಟಿಗೆ ಸಾಕು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ನೀರು 28 ಡಿಗ್ರಿಯ ಆಸುಪಾಸು. ಅಲ್ಲಿ ಸರಳವಾದ, ಸುಸ್ಥಿತಿಯಲ್ಲಿರುವ ಯಾವ ರೆಗ್ಯುಲೇಟರ್ ಆದರೂ ನಡೆಯುತ್ತದೆ.

ತೊಡಕಿರುವುದು ತಣ್ಣೀರಿನಲ್ಲಿ. ಸೈಕಲ್ ಗಾಲಿಯ ವಾಲ್ವನ್ನು ಒತ್ತಿ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುವುದನ್ನು ಯಾರು ಅರಿಯರು? ಬಬಲೇಶ್ವರದ ಶಾಲೆಯಲ್ಲಿ ಮೇ ತಿಂಗಳ ಬಿಸಿಲಿಗೆ ಕಾದ ಸೈಕಲ್ಲಿನಿಂದಲೂ ನಾನಿದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಒತ್ತಿಟ್ಟ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತದೆ. ಅಲ್ಲಿ ಗಾಲಿಯ ಎರಡು ಮೂರು ಬಾರ್, ಇಲ್ಲಿ ಇನ್ನೂರು! ಮೊದಲ ಹಂತದ ಲೋಹ ಸುತ್ತಲಿನ ನೀರಿಗಿಂತ ಹತ್ತಾರು ಡಿಗ್ರಿ ಕೆಳಗಿಳಿಯಬಲ್ಲದು. ನೀರು 28 ಡಿಗ್ರಿ ಇದ್ದರೆ ಚಿಂತೆಯಿಲ್ಲ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನಂತೆ 8–10 ಡಿಗ್ರಿ ಇದ್ದರೆ, ಅಥವಾ ಮೇಲಿನ ಬೆಟ್ಟದ ಕೆರೆಗಳಂತೆ 4 ಡಿಗ್ರಿ ಇದ್ದರೆ, ಸ್ಪ್ರಿಂಗಿನ ಸುತ್ತ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯುವ ಸಂಭವವುಂಟು. ಆಗ ಗಾಳಿ ನಿಲ್ಲುವುದಿಲ್ಲ, ಭೋರ್ಗರೆದು ಹೊರಬೀಳುತ್ತದೆ. ಒಮ್ಮೆಲೇ ಉಸಿರು ಕಟ್ಟದಂತೆ ಹೀಗೆ ರಚಿಸಿದ್ದಾರೆ. ಆದರೆ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದು.

ಆದಕಾರಣ ನಾನು ಮೊಮ್ಮಗನಿಗೆ ಬರೆದೆ: ತಣ್ಣೀರಿಗೆ ತಕ್ಕದ್ದನ್ನು ಕೊಂಡರೆ ಬೆಚ್ಚನೆಯ ನೀರಿಗೆ ತಾನಾಗಿ ಸಲ್ಲುತ್ತದೆ, ತಿರುಗುಮುರುಗು ಮಾಡಿದರೆ ಸಲ್ಲದು. ಪಿಸ್ಟನ್ ಮಾದರಿಯಲ್ಲಿ ಬಿಡಿಭಾಗಗಳು ಕಡಿಮೆ, ರಿಪೇರಿ ಸುಲಭ. ಆದರೆ ಸಾಮಾನ್ಯವಾಗಿ ಸ್ಪ್ರಿಂಗಿರುವಲ್ಲಿಗೆ ನೀರು ಹೊಗುತ್ತದೆ. ಡಯಾಫ್ರಾಮ್ ಮಾದರಿಯಲ್ಲಿ ರಬ್ಬರಿನ ಪರದೆ ನೀರನ್ನು ಒಳಗಿನ ಕವಾಟದಿಂದ ದೂರವಿಡುತ್ತದೆ. ಅದರ ಹೊರಗೆ ಇನ್ನೊಂದು ಮುಚ್ಚುಪರದೆಯಿದ್ದರೆ ಸ್ಪ್ರಿಂಗೂ ಒಣಗಿರುತ್ತದೆ. ‘ಬ್ಯಾಲೆನ್ಸ್ಡ್’ ಆಗಿರಲಿ, ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಉಸಿರೆಳೆಯುವುದು ಭಾರವಾಗದು. ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ಕೆಳಗಿನದನ್ನು ತಣ್ಣೀರೆಂದು ಎಣಿಸುತ್ತದೆ. ಅದಕ್ಕೆ ತಕ್ಕುದಲ್ಲದ ಸಾಧನದ ಮೇಲೆ 10 ಡಿಗ್ರಿಗಿಂತ ಹೆಚ್ಚೆಂಬ ಗುರುತಿರುತ್ತದೆ. ಆ ಗುರುತಿದ್ದುದನ್ನು ಮುಟ್ಟಬೇಡ. ಬಣ್ಣ, ಹೊಳಪು ನೋಡಿ ಮರುಳಾಗಬೇಡ.

ಅವನ ಗೆಳೆಯನೊಬ್ಬ ಅರ್ಧ ಬೆಲೆಗೆ ಹಳೆಯದೊಂದನ್ನು ಕೊಡಲು ಮುಂದಾಗಿದ್ದನಂತೆ. ಕೊನೆಯ ಸರ್ವಿಸ್ ಎಂದಾಗಿತ್ತೆಂದು ಕೇಳಿಸಿದೆ. ಗೆಳೆಯನಿಗೆ ನೆನಪಿಲ್ಲ! ಹಾಗಾದರೆ ಅದು ಅರ್ಧ ಬೆಲೆಗೂ ತುಟ್ಟಿ ಎಂದೆ. ಬಾವಿಯ ಫುಟ್‌ವಾಲ್ವ್ ಕೆಟ್ಟರೆ ಬೆಳೆಗೆ ನೀರು ತಪ್ಪೀತು, ಇದು ಕೆಟ್ಟರೆ?

ಇನ್ನೊಂದು ಮಾತನ್ನು ಮಾತ್ರ ಒತ್ತಿ ಬರೆದೆ. ನಮ್ಮ ಹುಡುಗರು ದಂಡೆಯ ಮೇಲೆ ಉಸಿರು ಬಿಗಿಹಿಡಿದು ಬಾವಿಯ ತಳದ ಕೊಡ ಎತ್ತಿ ತರುತ್ತಾರೆ. ಆ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದೇ ಮೇಲೇರಿದರೆ ಬಾಯ್ಲ್‌ನ ನಿಯಮದಂತೆ ಅದು ಇಮ್ಮಡಿಯಾಗಲು ಹವಣಿಸಿ ಪುಪ್ಪುಸವನ್ನೇ ಹರಿದೀತು. ಬಾವಿಯಲ್ಲಿ ಕಲಿತವರಿಗೆ ಉಸಿರು ಹಿಡಿಯುವುದು ರಕ್ತಗತ. ಅವನೂ ರಜೆಗೆ ಬಂದಾಗ ತಿಕೋಟಾದ ನಮ್ಮ ಬೀಗರ ಬಾವಿಯಲ್ಲಿ ಈಸು ಕಲಿತವನೇ. ಬಾವಿಯ ರೂಢಿಯನ್ನು ದಂಡೆಯಲ್ಲೇ ಬಿಟ್ಟು ಇಳಿ ಎಂದೆ.

ಅವನು ಮುಚ್ಚುಪರದೆಯ ಡಯಾಫ್ರಾಮ್ ಮಾದರಿಯನ್ನೇ ಕೊಂಡ. ಸಿಲಿಂಡರಿಗೆ ತಿರುಪಿನಿಂದ ಕೂರುವ ಡಿನ್ ಜೋಡಣೆಯದು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಯೋಕ್ ಬಗೆಯದಾದ್ದರಿಂದ ನಡುವೆ ಹಾಕುವ ಅಡಾಪ್ಟರನ್ನೂ ತೆಗೆದುಕೊಂಡಿದ್ದಾನೆ. ಬರುವ ಡಿಸೆಂಬರಿನಲ್ಲಿ ನೇತ್ರಾಣಿಗೆ ಹೋಗುವ ಬಯಕೆ.

ಮಗಳಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಮೊನ್ನೆ ಫೋನು ಮಾಡಿ, “ಅಪ್ಪಾ, ಅದನ್ನ ಸರ್ವಿಸ್ ಮಾಡ್ಸೋದು ಯಾವಾಗಂತ ನೀನ ಬರದಿಟ್ಕೊ, ಅಂವ ಮರೀತಾನ” ಎಂದಳು. ಬರೆದಿಟ್ಟುಕೊಂಡಿದ್ದೇನೆ.