ಹನ್ನೊಂದು ಗಂಟೆಯ ದೆವ್ವ

ದೆವ್ವ ಅಂದರೆ ಅಮಾವಾಸ್ಯೆ, ಹುಣಸೇಮರ, ನಡುರಾತ್ರಿ ಅಂತಲೇ ನಾವು ಕೇಳಿ ಬೆಳೆದದ್ದು, ಅಲ್ಲವೇ? ಹಳೇ ಕಾಲದ ಕ್ರೈಸ್ತ ಸನ್ಯಾಸಿಗಳ ಲೆಕ್ಕವೇ ಬೇರೆ. ಅವರನ್ನು ಹೆಚ್ಚು ಕಾಡುತ್ತಿದ್ದ ದೆವ್ವ ಬೆಳಗ್ಗೆ ಹತ್ತಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಹೋಗುತ್ತಿತ್ತಂತೆ, ಥೇಟ್ ಹಿಂದಿನ ಬ್ಯಾಂಕಿನ ವೇಳೆಯ ಹಾಗೆ.

ಹೀಗೆ ಬರೆದಿಟ್ಟವನು ಇವಾಗ್ರಿಯಸ್. ಈಜಿಪ್ಟಿನ ಮರಳುಗಾಡಿನಲ್ಲಿದ್ದು 399ರಲ್ಲಿ ತೀರಿಕೊಂಡವನು. ದೆವ್ವ ಹಿಡಿದವನ ಲಕ್ಷಣ ಹೇಳುತ್ತಾನೆ, ಕೇಳಿ. ಹೊತ್ತು ಜರುಗುವುದೇ ಇಲ್ಲ. ದಿನಕ್ಕೆ ಐವತ್ತು ಗಂಟೆ ಅನ್ನಿಸುತ್ತದೆ. ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಹೊರಗೆ ಬಂದು ಸೂರ್ಯನನ್ನು ನೋಡುವುದು. ಆಮೇಲೆ ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಿಗೂ ನನ್ನ ಮೇಲೆ ವಿಶ್ವಾಸವಿಲ್ಲ, ಬೇರೆ ಕಡೆ ಹೋದರೆ ಸುಖ ಎಂಬ ಕೊರಗು. ನಮ್ಮ ಯಲಹಂಕ ನ್ಯೂ ಟೌನಿನ ನಿವೃತ್ತರನ್ನು ನೋಡಿಯೇ ಬರೆದನೋ ಏನೋ! ಪೇಪರ್ ಓದಿ ಮುಗಿದಿರುತ್ತದೆ, ಊಟಕ್ಕಿನ್ನೂ ಹೊತ್ತಿರುತ್ತದೆ. ಸುಮ್ಮನೆ ಗೇಟಿನ ತನಕ ಹೋಗಿ ಬರುವುದು, ಮೈಸೂರಲ್ಲೇ ಸೈಟು ತಗೋಬೇಕಿತ್ತು ಅನ್ನುವುದು. ಮಾನ್ಯತಾ ಟೆಕ್ ಪಾರ್ಕಿನ ಹುಡುಗರು ಬೇರೆ ಕಂಪನಿಗೆ ಅರ್ಜಿ ಹಾಕುವುದೂ ಇದೇ ಹೊತ್ತಿನಲ್ಲಿ ಅಂತ ನನ್ನ ಗುಮಾನಿ. ಸಂತ ಬೆನೆಡಿಕ್ಟ್ ಇದಕ್ಕೊಂದು ಏರ್ಪಾಡು ಮಾಡಿದ್ದ: ಓದುವ ವೇಳೆಯಲ್ಲಿ ಯಾರು ಹರಟೆ ಹೊಡೆಯುತ್ತಿದ್ದಾರೆ ಅಂತ ನೋಡಲು ಒಬ್ಬಿಬ್ಬರು ಹಿರಿಯರು ಮಠ ಸುತ್ತಬೇಕು. ಹರಟೆಯವರಿಗೆ ಆಗಲೂ ಕಾಟ ತಪ್ಪಿರಲಿಲ್ಲ.

ಮದ್ದು ಹೇಳಿಕೊಟ್ಟದ್ದು ಸಂತ ಅಂತೋಣಿಯ ಕಥೆ. ಮಂಗಳವಾರದ ಮೇಣದಬತ್ತಿಯ ಪಾದುವಾದ ಅಂತೋಣಿ ಅಲ್ಲ. ಅವರಿಗಿಂತ ಎಂಟೊಂಬತ್ತು ಶತಮಾನ ಹಿಂದಿನ ಮರುಭೂಮಿಯ ಅಂತೋಣಿ. ಬೇಸತ್ತು ಕೂತಿದ್ದಾಗ ತನ್ನಂತೆಯೇ ಇರುವ ಒಬ್ಬ ಕಾಣಿಸಿದ. ಅವನು ಕೂತು ಹಗ್ಗ ಹೆಣೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕೂತು ಹೆಣೆಯುತ್ತಿದ್ದ. ಅಷ್ಟೇ ಮದ್ದು.

ಅಮೆರಿಕದ ಮಿಷನರಿಗಳು 1973ರಲ್ಲಿ ಹೆಬ್ಬಾಳದಲ್ಲಿ ತೆರೆದ ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಹೋಗಿದ್ದಾಗ ಒಬ್ಬ ಅಜ್ಜಿಯನ್ನು ನೋಡಿದೆ. ನಾವೆಲ್ಲ ಟೋಕನ್ ಹಿಡಿದು ಗಡಿಯಾರ ನೋಡುತ್ತಿದ್ದರೆ ಆಕೆ ಮಡಿಲಲ್ಲಿ ಬಿಡಿ ಮಲ್ಲಿಗೆ ಸುರುವಿಕೊಂಡು, ಕಾಲಿನ ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿ, ಎರಡೆರಡೇ ಮೊಗ್ಗು ಕೂಡಿಸಿ ಕಟ್ಟುತ್ತಿದ್ದರು. ಮೊಳದ ಮೇಲೆ ಮೊಳ ಆಗುತ್ತಿತ್ತು. ಯಾರಿಗಮ್ಮ ಅಂದರೆ, "ಯಾರಿಗಾದ್ರೂ ಆಗ್ತದೆ ಬಿಡಪ್ಪ" ಅಂದರು.

ಆ ಮರುಭೂಮಿಯ ಸನ್ಯಾಸಿಗಳಲ್ಲೂ ಅಬ್ಬಾ ಪೌಲ್ ಅಂತ ಒಬ್ಬನಿದ್ದ. ಊರಿಗೆ ಏಳು ದಿನದ ದಾರಿ. ಹೆಣೆದದ್ದನ್ನು ಸಾಗಿಸುವ ಖರ್ಚು ಮಾರಿದ ದುಡ್ಡಿಗಿಂತ ಜಾಸ್ತಿ. ಆದರೂ ಖರ್ಜೂರದ ಗರಿ ತಂದು ದಿನಾ ಹೆಣೆದ. ವರ್ಷ ತುಂಬಿ ಗವಿ ಭರ್ತಿಯಾದಾಗ ಎಲ್ಲಕ್ಕೂ ಬೆಂಕಿ ಇಟ್ಟು ಮತ್ತೆ ಶುರುಮಾಡಿದ. ತಿಂಗಳ ಕೊನೆಗೆ ಯಾರೂ ಓದದ ವರದಿ ಬರೆದು ಕಳಿಸಿದವರಿಗೆ ಇದು ತೀರಾ ಹೊಸದಲ್ಲ.

ನನ್ನ ಹೆಂಡತಿ ಇವರನ್ನೆಲ್ಲ ಓದಿದವಳಲ್ಲ. ಆದರೂ ಅವರೆಕಾಯಿ ಕಾಲದಲ್ಲಿ ಸರಿಯಾಗಿ ಹನ್ನೊಂದಕ್ಕೆ ನೆನೆಹಾಕಿದ ಕಾಳಿನ ಪಾತ್ರೆ ನನ್ನ ಮುಂದೆ ಇಡುತ್ತಾಳೆ. ಹಿತಕಿ ನೋಡಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಜನವರಿಯಲ್ಲಿ ನಮ್ಮ ಕಡೆ ಬಂದರೆ ಆ ವೇಳೆಗೇ ಬನ್ನಿ, ಸ್ವಾಮಿ. ಇನ್ನೆರಡು ಕೈ ಬೇಕಾಗಿದೆ.