ಆಯಿಲ್ ಸೀಲು

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಮೋಟಾರು ಗಾಡಿಯ ಅಚ್ಚಿನ ವಿಷಯ ಬರೆಯಲು ಹೊರಟರೆ, ‘ಇವನಿಗೇಕಪ್ಪ ಈ ಉಸಾಬರಿ?’ ಎಂದು ಮಿತ್ರರು ನಗಬಹುದು. ನಗಲಿ. ರಜ ಬಂದೊಡನೆ ತೀರ್ಥಹಳ್ಳಿಯ ಕಡೆ ಸೋದರಮಾವನ ಗ್ಯಾರೇಜಿಗೆ ಹೋಗಿ ಕೈ ಕಪ್ಪು ಮಾಡಿಕೊಳ್ಳುವುದು ನನ್ನ ಪಾಲಿಗೆ ಬಂದ ಸುಖ. ಕವಿತೆ ಕಟ್ಟಲು ಬಾರದವನು ಕಂಡದ್ದನ್ನೇ ಬರೆಯಬೇಕಷ್ಟೆ.

ನಮ್ಮ ಹಿರಿಯರ ಎತ್ತಿನ ಗಾಡಿಗೆ ಸೀಲೂ ಇರಲಿಲ್ಲ, ಗೀಲೂ ಇರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಬಳಿದರು, ಸೋರಿತು, ಮತ್ತೆ ಬಳಿದರು. ಸೋರಿದ್ದರಿಂದ ಕೆಡುತ್ತಿದ್ದುದು ಹತ್ತುವವರ ಪಂಚೆ ಮಾತ್ರ. ಜೀಪಿನ ಮಾತು ಹಾಗಲ್ಲ. ಅದರ ಹಿಂದಿನ ಹೌಸಿಂಗಿನಲ್ಲಿ ಕ್ರೌನು ಪಿನಿಯನ್ನುಗಳು ಎಣ್ಣೆಯಲ್ಲಿ ಮಿಂದು ತಿರುಗುತ್ತವೆ. ಆ ಎಣ್ಣೆ ಅಚ್ಚಿನ ಗುಂಟ ಚಕ್ರದ ಕಡೆಗೆ ಹರಿಯುತ್ತದೆ. ಚಕ್ರದ ಬಳಿ ಇರುವುದೇ ಬ್ರೇಕು!

ನಡುವೆ ಕಾವಲು ನಿಂತಿರುವುದು ಈ ಸೀಲು: ಒಂದು ತಗಡಿನ ಬಳೆ, ಅದರೊಳಗೆ ರಬ್ಬರಿನ ತುಟಿ, ತುಟಿಯನ್ನು ಅಚ್ಚಿಗೆ ಅದುಮಿ ಹಿಡಿಯಲು ಕೂದಲಿನಂಥ ತಂತಿಯ ಸ್ಪ್ರಿಂಗು. ಸೋಜಿಗವೆಂದರೆ, ತುಟಿ ಅಚ್ಚನ್ನು ಒಣದಾಗಿ ಮುಟ್ಟಿದರೆ ಸುಟ್ಟುಹೋಗುತ್ತದೆ. ಎರಡರ ನಡುವೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಎಣ್ಣೆಯ ಪೊರೆ ಇರಲೇಬೇಕು. ಎಣ್ಣೆಯನ್ನು ತಡೆಯುವುದಕ್ಕೂ ಎಣ್ಣೆಯೇ ಬೇಕು!

ಕಳೆದ ಬೇಸಿಗೆ ರಜದಲ್ಲಿ ಒಂದು ಸಂಜೆ ಹಳೆಯ ಬಾಡಿಗೆ ಜೀಪೊಂದು ಬಂತು. ಹಿಂದಿನ ಎಡಚಕ್ರದ ಒಳಮೈಯೆಲ್ಲ ಜಿಡ್ಡು. ಮಾವ ಬೆರಳಿಗೆ ಹಚ್ಚಿಕೊಂಡು ಮೂಸಿದರು, ನೀರಿನಲ್ಲಿ ತೊಳೆದರು. ಬ್ರೇಕಿನ ಎಣ್ಣೆಯಾದರೆ ನೀರಿಗೆ ಹೋಗುತ್ತದೆ. ಇದು ಹೋಗಲಿಲ್ಲ, ಗಂಧಕದ ನಾತ ಬೇರೆ. ಅಚ್ಚಿನ ಎಣ್ಣೆಯೇ ಸರಿ.

“ಮಾರಾಯ್ರೆ, ಸೀಲು ಹಾಕ್ಸಿ ನಾಕು ತಿಂಗಳಾಗಿಲ್ಲ. ಲೈನರು ಒರೆಸಿ ಕೊಡಿ, ಸಾಕು. ನಾಳೆ ಬೆಳಿಗ್ಗೆ ಹೆಬ್ರಿಗೆ ದಿಬ್ಬಣ ಇಳೀಬೇಕು” ಎಂದ ಯಜಮಾನ.

ಹೆಬ್ರಿಗೆ ಎಂದರೆ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವು.

“ಒರೆಸಿದ್ರೆ ಕಣ್ಣಿಗೆ ಒಣಗಿದ ಹಾಗೆ ಕಾಣ್ತದೆ. ಘಾಟಿಲಿ ಕಾಯ್ದ ಮೇಲೆ ಒಳಗೆ ಕುಡಿದ ಎಣ್ಣೆ ಮತ್ತೆ ಹೊರಗೆ ಬರ್ತದೆ. ಕೀ ನನ್ನ ಹತ್ರ ಇರ್ಲಿ” ಎಂದು ಮಾವ ಕೀಯನ್ನು ಜೇಬಿಗೆ ಹಾಕಿಕೊಂಡುಬಿಟ್ಟರು. ಯಜಮಾನ ಬೈದ, ಬೇಡಿದ, ಕೊನೆಗೆ ಬೆಂಚಿನ ಮೇಲೆ ಕುಳಿತ.

ಮುಂದಿನ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಜಾಕಿ ಏರಿಸಿ, ಅಚ್ಚಿನ ಕೆಳಗೆ ದಿಮ್ಮಿ ಇಟ್ಟೆವು. ಜಾಕಿಯನ್ನೇ ನಂಬಿ ಗಾಡಿಯಡಿ ತೂರುವವರನ್ನು ಕಂಡರೆ ಮಾವನಿಗೆ ಆಗದು. ಚಕ್ರ, ಡ್ರಮ್ಮು, ಬ್ರೇಕಿನ ಕೊಳವೆ, ತಟ್ಟೆಯ ಬೋಲ್ಟುಗಳು ಕಳಚಿ ಅಚ್ಚನ್ನೆಳೆದರೆ ಬೇರಿಂಗೂ ಜೊತೆಗೇ ಬಂತು. ಬೇರಿಂಗು ಸಡಿಲವಾಗಿದ್ದರೆ ಅಚ್ಚು ಕುಣಿದು ತುಟಿಯನ್ನು ಕೆಡಿಸುತ್ತದೆ, ಅದು ಗಟ್ಟಿಯಾಗಿತ್ತು. ತುಟಿ ಸವರುವ ಜಾಗದಲ್ಲಿ ಅಚ್ಚಿಗೆ ಗೀರು ಬಿದ್ದಿದೆಯೇ ಎಂದು ಉಗುರಾಡಿಸಿ ನೋಡಿದೆವು; ಅದೂ ಇಲ್ಲ. ಹಾಗಾದರೆ ಹೊಸ ಸೀಲು ಸೋರಿದ್ದೇಕೆ?

ಮಾವ ಹೌಸಿಂಗಿನ ನೆತ್ತಿಯ ಮೇಲಿನ ಬ್ರೀದರಿಗೆ ತಂತಿ ತೂರಿಸಿದರು. ತಂತಿ ಹೋಗಲಿಲ್ಲ. ಗದ್ದೆಯ ಕೆಸರು ಅಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗಾಡಿ ಓಡಿದಂತೆ ಒಳಗಿನ ಎಣ್ಣೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹೋಗಲು ದಾರಿಯಿಲ್ಲದ ಗಾಳಿ ಎಣ್ಣೆಯನ್ನು ತುಟಿಯಾಚೆಗೆ ದಬ್ಬುತ್ತದೆ. ಹತ್ತು ಸೀಲು ಬದಲಿಸಿದರೂ ಕಥೆ ಅಷ್ಟೇ.

ಹಳೆಯದನ್ನು ಕೊಕ್ಕೆಯಿಂದ ಮೀಟಿ ತೆಗೆದು, ಗೂಡನ್ನು ಒರೆಸಿ, ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗಿನ ಮಗ್ಗುಲು ಎಣ್ಣೆಯ ಕಡೆಗಿರುವಂತೆ ಹಿಡಿದೆವು. ತಿರುವುಮುರುವಾದರೆ ಅದು ಎಣ್ಣೆಯನ್ನಲ್ಲ, ಧೂಳನ್ನು ಕಾಯುತ್ತದೆ! ಅಳತೆಗೆ ಸರಿಯಾದ ಕೊಳವೆಯೊಂದನ್ನು ಒತ್ತಿಟ್ಟು ಸುತ್ತಲೂ ಸಮನಾಗಿ ತಟ್ಟುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಒಂದೇ ಕಡೆ ಬಡಿದರೆ ತಗಡು ಸೊಟ್ಟಾಗುತ್ತದೆ. ಅಚ್ಚನ್ನು ತುಟಿಗೆ ತಾಗದಂತೆ ಎತ್ತಿ ಹಿಡಿದು ಒಳಸೇರಿಸಿದೆವು. ಲೈನರುಗಳನ್ನು ಎರಡೂ ಚಕ್ರಕ್ಕೆ ಹೊಸದಾಗಿ ಹಾಕಿ, ಬ್ರೇಕಿನ ಗಾಳಿ ತೆಗೆದು, ಹೌಸಿಂಗಿಗೆ ತೂತಿನ ಅಂಚಿನವರೆಗೆ ಎಣ್ಣೆ ತುಂಬುವಾಗ ರಾತ್ರಿ ಹನ್ನೊಂದು.

ಮಾವ ಖುದ್ದಾಗಿ ಎರಡು ಮೈಲಿ ಓಡಿಸಿ ಬಂದು, ಕೆಳಗೆ ಬಗ್ಗಿ ನೋಡಿದ ಮೇಲೆಯೇ ಕೀ ಕೊಟ್ಟರು. ಯಜಮಾನ ಚೀಟಿಯನ್ನು ಎರಡು ಸಲ ಓದಿದ.

“ಬ್ರೀದರಿಂದು ಬರೆದೇ ಇಲ್ಲ?”

“ಅದಕ್ಕೆಂಥ ದುಡ್ಡು? ಮಳೆಗಾಲ ಕಳೆದ ಮೇಲೆ ನೀವೇ ಬಿಚ್ಚಿ ತೊಳೀರಿ.”